ನನ್ನನ್ನು ಕೇಳಿದೆಯಾ?

ಪತ್ತನಾಜೆ ಕಳೆದು ಎರಡು ವಾರವಾಯಿತು. ಆ ದಿನಕ್ಕೆ ತಿರುಗಾಟ ಮುಗಿಸುವ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿವೆ, ವೇಷದ ಪೆಟ್ಟಿಗೆಗಳು ಅಟ್ಟ ಸೇರಿವೆ. ಇನ್ನು ದೀಪಾವಳಿಯ ಆಸುಪಾಸಿನ ತನಕ ನಮ್ಮ ಕರಾವಳಿಯಲ್ಲಿ ಬಣ್ಣ ಕಡಿಮೆ, ಕುಣಿತ ಕಡಿಮೆ, ಮಾತಿನದೇ ಕಾರುಬಾರು. ದೇವಸ್ಥಾನದ ಚಾವಡಿ, ಶಾಲೆಯ ಸಭಾಭವನ, ಯಾರದೋ ಮನೆಯ ಉದ್ದ ಜಗಲಿ, ಎಲ್ಲಿ ಸೂರು ಉಂಟೋ ಅಲ್ಲಿ ತಾಳಮದ್ದಳೆಯ ಕೂಟ.

ಮೊನ್ನೆ ಬ್ಯಾಂಕಿನ ಸಾಲಿನಲ್ಲಿ ಸಿಕ್ಕ ಪರಿಚಯದವರೊಬ್ಬರು ಮಗಳ ವಿಷಯ ತೆಗೆದರು. ಇಂಜಿನಿಯರಿಂಗ್ ಮೂರನೇ ವರ್ಷ, ಓದಿನಲ್ಲಿ ಮುಂದು, ಆದರೆ ನಾಲ್ಕು ಜನರ ಎದುರು ನಿಂತರೆ ಬಾಯಿ ಒಣಗುತ್ತದಂತೆ. ಭಾಷಣ ಕಲಿಸುವ ಕ್ಲಾಸು ಎಲ್ಲಾದರೂ ಉಂಟಾ ಎಂದು ಕೇಳಿದರು. ಕ್ಲಾಸುಗಳು ಬೇಕಾದಷ್ಟಿವೆ. ಕೈ ಎಲ್ಲಿಡಬೇಕು, ಕಣ್ಣು ಎಲ್ಲಿಡಬೇಕು ಎಂದು ಚೆನ್ನಾಗಿಯೇ ಹೇಳಿಕೊಡುತ್ತಾರೆ. ನಾನು ಹೇಳಿದ್ದು ಬೇರೆ. ಈ ಮಳೆಗಾಲ ಅವಳನ್ನು ನಾಲ್ಕು ಕೂಟಕ್ಕೆ ಕರೆದುಕೊಂಡು ಬನ್ನಿ, ಮುಂದಿನ ಸಾಲಿನಲ್ಲಿ ಕೂರಿಸಿ, ಮಾತಾಡುತ್ತಿರುವವರನ್ನು ನೋಡಬೇಡ, ಅವರ ಎದುರು ಸುಮ್ಮನೆ ಕೂತಿರುವವರನ್ನು ನೋಡು ಅನ್ನಿ. ಅವರು ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ಕೂಟ ಕಂಡರಿಯದ ಓದುಗರಿಗಾಗಿ ಎರಡು ಮಾತು. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಚೆಂಡೆ, ಮದ್ದಳೆ ನಿಲ್ಲುತ್ತವೆ. ಪಾತ್ರ ವಹಿಸಿದ ಅರ್ಥಧಾರಿ ಆ ಪದ್ಯವನ್ನು ತನ್ನ ಮಾತಿನಲ್ಲಿ ಬೆಳೆಸುತ್ತಾನೆ. ಪದ್ಯ ನಾಲ್ಕು ಸಾಲಿದ್ದರೆ ಅರ್ಥ ಕೆಲವೊಮ್ಮೆ ಕಾಲು ಗಂಟೆ. ಬರೆದಿಟ್ಟದ್ದು ಪದ್ಯ ಮಾತ್ರ. ಮಾತಿಗೆ ಲಿಖಿತವಿಲ್ಲ, ಎದುರಿನವನು ಏನು ಕೇಳುತ್ತಾನೆಂದು ಮೊದಲೇ ತಿಳಿಯುವ ಉಪಾಯವಿಲ್ಲ. ಎಷ್ಟೋ ಸಲ ಕೃಷ್ಣನೂ ಕೌರವನೂ ಪರಸ್ಪರ ಮುಖ ನೋಡುವುದೇ ಕೂಟಕ್ಕೆ ಮುಂಚಿನ ಚಹಾದ ಹೊತ್ತಿಗೆ. ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಆಡುವವರು ಶಾಲು ಹೊದ್ದು ಕೂತ ಕೂಡಲೇ ಗ್ರಂಥದ ಕನ್ನಡಕ್ಕೆ ಹೊರಳುತ್ತಾರೆ. ಬಾಯಿ ತಪ್ಪಿ ಒಂದು ಇಂಗ್ಲಿಷ್ ಶಬ್ದ ಬಿದ್ದರೆ ಸಭೆ ಮುಸಿಮುಸಿ ನಗುತ್ತದೆ.

ಪಾತ್ರದ ಮೊದಲ ಮಾತಿಗೆ ಪೀಠಿಕೆ ಎನ್ನುತ್ತೇವೆ. ನುರಿತವರು ಪದ್ಯ ಮುಗಿದ ತಕ್ಷಣ ಬಾಯಿ ತೆರೆಯುವುದಿಲ್ಲ. ಮದ್ದಳೆಯ ಕೊನೆಯ ಪೆಟ್ಟು ಆರಲಿ ಎಂದು ಬಿಡುತ್ತಾರೆ. ಶ್ರುತಿಯೊಂದು ಗುಂಯ್ ಎನ್ನುತ್ತಿರುತ್ತದೆ. ಅದಕ್ಕೆ ಹತ್ತಿರದ ಸ್ವರ ಹಿಡಿದು, ತಗ್ಗಿನಲ್ಲಿ ಹೊರಡುತ್ತಾರೆ, ಏರಲು ಜಾಗ ಇಟ್ಟುಕೊಂಡು. ಹೊಸಬರು ಮೊದಲ ವಾಕ್ಯಕ್ಕೇ ರಾವಣನ ಹತ್ತೂ ಬಾಯಿ ತೆರೆದುಬಿಡುತ್ತಾರೆ. ಅರ್ಧ ಗಂಟೆಯೊಳಗೆ ಗಂಟಲು ಕಟ್ಟಿ ಬಿಸಿನೀರಿನ ಲೋಟಕ್ಕೆ ಕೈ ಚಾಚುತ್ತಾರೆ. ನಮ್ಮ ಸಭೆ ಸಮಾರಂಭಗಳ ಭಾಷಣಕಾರರಿಗೂ ಇದೇ ರೋಗ, ಜೊತೆಗೆ ಇನ್ನೊಂದು. ಮೈಕಿಗೆ ಎರಡು ಸಲ ಊದಿ, ವೇದಿಕೆಯ ಮೇಲಿನ ಹದಿಮೂರು ಮಂದಿಯ ಹೆಸರನ್ನು ಹುದ್ದೆ ಸಮೇತ ಓದಿ, ‘ನಾನೇನೂ ಭಾಷಣಕಾರನಲ್ಲ, ಎರಡೇ ಮಾತು’ ಎನ್ನುವಷ್ಟರಲ್ಲಿ ಕೂತವರ ಮನಸ್ಸು ಹೊರಗೆ ಚಪ್ಪಲಿ ಹುಡುಕುತ್ತಿರುತ್ತದೆ. ಕೂಟದಲ್ಲೂ ಇಂಥವರಿಲ್ಲವೆಂದಲ್ಲ. ಹಿಂದೆ ರಾತ್ರಿ ಇಡೀ ನಡೆಯುತ್ತಿದ್ದಾಗ ಮುಕ್ಕಾಲು ಗಂಟೆಯ ಪೀಠಿಕೆ ಹೇಗೋ ಜೀರ್ಣವಾಗುತ್ತಿತ್ತು. ಮೂರು ಗಂಟೆಯ ಕಾಲಮಿತಿಯ ಕೂಟದಲ್ಲಿ ಅದು ಉಳಿದವರ ತಟ್ಟೆಗೆ ಕೈ ಹಾಕಿದ ಹಾಗೆ.

ಶೈಲಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಅವರವರ ಹಣೆಬರಹ. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ತರ್ಕ ಒಂದು ದಾರಿ, ದೇರಾಜೆ ಸೀತಾರಾಮಯ್ಯನವರ ನವಿರು ಹಾಸ್ಯ ಇನ್ನೊಂದು. ಕುಂಬಳೆ ಸುಂದರ ರಾಯರದು ಪ್ರಾಸ. 1994ರಲ್ಲಿ ಸುರತ್ಕಲ್ಲಿನಿಂದ ಗೆದ್ದು ವಿಧಾನಸಭೆಗೂ ಹೋಗಿ ಬಂದ ಅರ್ಥಧಾರಿ ಅವರು. ಅವರನ್ನು ಅನುಕರಿಸಿದ ಒಂದು ತಲೆಮಾರಿಗೇ ಪ್ರಾಸ ಬಂತು, ಮಾತು ಬರಲಿಲ್ಲ.

ಆ ಹುಡುಗಿಗೆ ನಾನು ತೋರಿಸಬೇಕೆಂದದ್ದು ಎದುರು ಕೂತವರನ್ನು. ವಾಲಿ ಮಾತಾಡುವಾಗ ರಾಮ ಏನು ಮಾಡುತ್ತಿದ್ದಾನೆ? ಒಬ್ಬ ಶಾಲಿನ ಅಂಚು ಸರಿಪಡಿಸುತ್ತಾನೆ, ಭಾಗವತರ ಪಟ್ಟಿ ಇಣುಕುತ್ತಾನೆ, ತುಟಿ ಅಲುಗುತ್ತಿರುತ್ತದೆ. ತನ್ನ ಸರದಿಯ ಮಾತನ್ನು ಒಳಗೊಳಗೇ ಉರು ಹೊಡೆಯುತ್ತಿದ್ದಾನೆಂದು ಅರ್ಥ. ಇನ್ನೊಬ್ಬನ ಕಣ್ಣು ವಾಲಿಯ ಬಾಯಿಯ ಮೇಲಿರುತ್ತದೆ, ನಡುವೆ ಒಂದು ‘ಹೂಂ’, ಎಲ್ಲೋ ಒಂದು ‘ಹಾಗೋ?’. ಇವನು ಬಾಯಿ ತೆರೆದಾಗ ಮೊದಲು ಬರುವುದು ವಾಲಿ ಈಗಷ್ಟೇ ಬಿಟ್ಟ ಶಬ್ದ. ಅದನ್ನೇ ಎತ್ತಿಕೊಂಡು, ತಿರುಗಿಸಿ ನೋಡಿ, ಬೇಕಾದ ಕಡೆಗೆ ಕಟ್ಟಿಕೊಂಡು ಹೋಗುತ್ತಾನೆ. ಸಭೆ ಮುಂದಕ್ಕೆ ಬಾಗುವುದು ಆಗ.

ಸಭೆಗೂ ಕೆಲಸವಿದೆ. ಮೂಲೆಯಲ್ಲಿ ಕಣ್ಣು ಮುಚ್ಚಿ ಗೋಡೆಗೆ ಒರಗಿದ ಅಜ್ಜ ನಿದ್ದೆ ಹೊಡೆಯುತ್ತಿದ್ದಾರೆ ಎಂದುಕೊಳ್ಳಬೇಡಿ. ಅರ್ಥಧಾರಿ ವಂಶಾವಳಿಯಲ್ಲಿ ಒಂದು ಹೆಸರು ತಪ್ಪಿಸಲಿ, ಕಣ್ಣು ತೆರೆಯುತ್ತದೆ. ಫೋನು ಎತ್ತಿ ಹಿಡಿದು ಚಿತ್ರೀಕರಿಸಿಕೊಳ್ಳುವವರ ಬಗ್ಗೆ ನನಗೆ ಅಷ್ಟು ಭರವಸೆ ಇಲ್ಲ. ನನ್ನದೇ ಒಂದು ರೂಢಿ ಉಂಟು. ಕೂಟ ಮುಗಿಸಿ ಮನೆಗೆ ಬಂದ ಮೇಲೆ, ನನಗೆ ಒಪ್ಪಿಗೆಯಾಗದ ಪಾತ್ರದ ವಾದವನ್ನು ಹೆಂಡತಿಗೆ ಮೂರು ವಾಕ್ಯದಲ್ಲಿ ಹೇಳಬೇಕು. ಹೇಳಲು ಆಗದಿದ್ದರೆ ಆ ರಾತ್ರಿ ನಾನು ಕೇಳಿದ್ದು ಬರೀ ಸ್ವರ. ಅವಳ ತೀರ್ಪು ಸಾಮಾನ್ಯವಾಗಿ ನನಗೆ ವಿರುದ್ಧ.

ಇಷ್ಟು ಬುದ್ಧಿ ಹೇಳುವವನಿಗೆ ಅದು ಬಂದದ್ದು ಒಂದು ರಾತ್ರಿಯ ಮರ್ಯಾದೆ ಕೊಟ್ಟು. ನನಗೆ ಆಗ ಇಪ್ಪತ್ತನಾಲ್ಕು. ಊರಿನ ಕೂಟದಲ್ಲಿ ‘ವಾಲಿಮೋಕ್ಷ’, ಹದಿನೈದು ದಿನ ಮೊದಲೇ ನನಗೆ ರಾಮ ಎಂದು ಹೇಳಿದ್ದರು. ವಾಲಿ ನಿವೃತ್ತ ಮಾಷ್ಟ್ರೊಬ್ಬರು. ಬಾಣ ತಗಲಿ ಬಿದ್ದ ವಾಲಿ ಕೇಳುವ ಪ್ರಶ್ನೆಗಳು ಪ್ರಸಿದ್ಧ: ಮರೆಯಲ್ಲಿ ನಿಂತು ಹೊಡೆದದ್ದು ಯಾವ ಕ್ಷಾತ್ರ? ನಾನು ನಿನಗೆ ಮಾಡಿದ ಅಪರಾಧವೇನು? ರಾಮನ ಉತ್ತರಗಳೂ ಪ್ರಸಿದ್ಧ: ತಮ್ಮನ ಹೆಂಡತಿಯನ್ನು ಕಸಿದುಕೊಂಡೆ, ಈ ನೆಲ ಭರತನ ಆಳ್ವಿಕೆಗೆ ಸೇರಿದ್ದು, ದಂಡಿಸುವ ಅಧಿಕಾರ ನನಗುಂಟು, ನೀನು ಶಾಖಾಮೃಗ, ಬೇಟೆಯಲ್ಲಿ ಮರೆ ದೋಷವಲ್ಲ. ಈ ಕೊನೆಯದು ಹೊಂಡ. ನಾನು ಮೃಗವಾದರೆ ತಮ್ಮನ ಹೆಂಡತಿ ಎಂಬ ಧರ್ಮ ನನಗೆಲ್ಲಿಂದ ಬಂತು, ಧರ್ಮ ನನಗೂ ಉಂಟೆಂದಾದರೆ ನಾನು ಬೇಟೆಯ ಮೃಗವಾದದ್ದು ಹೇಗೆ ಎಂದು ವಾಲಿ ಹಿಡಿದುಕೊಂಡರೆ ರಾಮನಿಗೆ ಬಿಡಿಸಿಕೊಳ್ಳುವುದು ಕಷ್ಟ. ಆ ಹೊಂಡಕ್ಕೂ ನಾನು ಹಲಗೆ ಹಾಸಿಟ್ಟಿದ್ದೆ. ನೂರು ಪುಟದ ಪುಸ್ತಕ ತುಂಬಿತ್ತು, ಪೂರ್ತಿ ಬಾಯಿಪಾಠ.

ಮಾಷ್ಟ್ರು ಎದೆಯ ಮೇಲೆ ಕೈ ಇಟ್ಟುಕೊಂಡರು. ಕಾಲು ಗಂಟೆಯ ಪ್ರವಾಹಕ್ಕೆ ನಾನು ಸಜ್ಜಾಗಿ ಕೂತಿದ್ದೆ. ಅವರು ಹೇಳಿದ್ದು ಇಷ್ಟೇ: ‘ರಾಮಾ, ಸುಗ್ರೀವನ ಮಾತು ಕೇಳಿದೆ. ಸರಿ. ನನ್ನನ್ನು ಕೇಳಿದೆಯಾ?’

ನಾನು ಒಳಗೆ ಎರಡನೇ ಪುಟ ಮಗುಚುತ್ತಿದ್ದೆ. ಅವರ ಸ್ವರ ನಿಂತದ್ದು ಮಾತ್ರ ಕಿವಿಗೆ ಬಿತ್ತು. ‘ಎಲೈ ವಾಲಿ, ಶಾಖಾಮೃಗವಾದ ನಿನ್ನನ್ನು...’ ಎಂದು ಶುರು ಮಾಡಿದವನು ಬೇಟೆಯ ಧರ್ಮವನ್ನು ಆಮೂಲಾಗ್ರ ವಿವರಿಸಿದೆ. ನಡುವಿನಲ್ಲೆಲ್ಲೋ ಹಿಂದಿನ ಸಾಲಿನಿಂದ ಒಂದು ನಗು ಬಂತು. ಮೆಚ್ಚಿಕೊಂಡರೆಂದು ಇನ್ನೂ ಎರಡು ಉದಾಹರಣೆ ಸೇರಿಸಿದೆ.

ಮುಗಿಯಿತು. ಮಾಷ್ಟ್ರು ನನ್ನನ್ನೇ ನೋಡಿದರು. ಅಲ್ಲಿಯೇ ನನ್ನನ್ನು ಮಡಚಿ ಇಡಬಹುದಿತ್ತು, ಆ ಶಕ್ತಿ ಅವರಲ್ಲಿತ್ತು. ‘ಮೃಗದ ಮಾತು ಅರಸನಿಗೆ ತಿಳಿಯಲಿಲ್ಲ. ಸಹಜ. ಇನ್ನೊಮ್ಮೆ ಕೇಳುತ್ತೇನೆ’ ಎಂದರು. ಮತ್ತೆ ಅದೇ ಪ್ರಶ್ನೆ, ಅದೇ ಸ್ವರದಲ್ಲಿ.

ಅವರು ಮಾಡಿದ್ದೇನೆಂದು ಹೊಳೆಯಲು ನನಗೆ ವರ್ಷಗಳೇ ಬೇಕಾದವು. ನಾನು ಎಸೆದ ‘ಮೃಗ’ ಎಂಬ ಶಬ್ದವನ್ನೇ ಹಿಡಿದು, ನನ್ನ ಕಿವುಡನ್ನು ರಾಮನ ಕಿವುಡಾಗಿ ಮಾಡಿಬಿಟ್ಟಿದ್ದರು. ಅರ್ಥಧಾರಿ ಎಡವಿದ್ದು ಸಭೆಗೆ ಪಾತ್ರ ಎಡವಿದ ಹಾಗೆ ಕಂಡಿತು. ಪ್ರಶ್ನೆಯಾದರೂ ಎಂಥದು! ಕನ್ನಡದಲ್ಲಿ ವಿಚಾರಿಸುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ವಾಲಿ ಎರಡನ್ನೂ ಕೇಳಿದ್ದ.

ಎರಡನೇ ಸಲ ನನಗೆ ಕೇಳಿಸಿತು. ಅದಕ್ಕೆ ಪುಸ್ತಕದಲ್ಲಿ ಪುಟ ಇರಲಿಲ್ಲ. ಭಾಗವತರ ಕೈಯ ಕೋಲು ಜಾಗಟೆಯ ಮೇಲೆ ಬೆರಳಗಲ ದೂರದಲ್ಲಿತ್ತು. ಬಾರಿಸಿ ಮುಂದಿನ ಪದ್ಯ ಎತ್ತಿಕೊಂಡಿದ್ದರೆ ನಾನು ಬಚಾವು. ಅವರು ಬಾರಿಸಲಿಲ್ಲ. ಮದ್ದಳೆಯವರ ಅಂಗೈ ಚರ್ಮದ ಮೇಲೆ ಸುಮ್ಮನೆ ಕೂತಿತ್ತು. ಹಂಚಿನ ಮೇಲೆ ಮಳೆ.

‘ಕೇಳಲಿಲ್ಲ, ವಾಲಿ’ ಎಂದೆ. ‘ಶರಣು ಬಂದವನ ಕಣ್ಣೀರು ನನ್ನೆದುರು ಇತ್ತು. ನೀನು ಇರಲಿಲ್ಲ.’

ಮಾಷ್ಟ್ರು ‘ಹೂಂ’ ಅಂದರು. ಆ ರಾತ್ರಿ ನನಗೆ ಸಿಕ್ಕಿದ ಮೊದಲ ‘ಹೂಂ’. ಕೋಲು ಜಾಗಟೆಗೆ ತಾಗಿತು.

ಕೂಟ ಮುಗಿದ ಮೇಲೆ ಅವಲಕ್ಕಿ, ಚಹಾ. ಏರ್ಪಾಡು ಮಾಡಿದ ಹಿರಿಯರು ಸೀದಾ ನನ್ನ ಹತ್ತಿರ ಬಂದರು. ‘ಎಂಥದು ಮಾರಾಯ, ರಾಮನೇ ಹಾಗೆ ಒಪ್ಪಿಕೊಂಡರೆ ಪ್ರಸಂಗದ ಗತಿ ಎಂತ?’

ನಾನು ಮಾಷ್ಟ್ರ ಮುಖ ನೋಡಿದೆ. ಅವರು ಅವಲಕ್ಕಿಯ ಒಗ್ಗರಣೆ ಮೆಣಸನ್ನು ಬದಿಗೆ ಸರಿಸುತ್ತಾ ಹೇಳಿದರು: ‘ಗತಿಗೆ ಏನೂ ಆಗಲಿಲ್ಲ. ನಾನು ಸತ್ತಾಯಿತಲ್ಲ.’