ಒಂದು ದೇಹ, ಮೂರು ಪ್ರಾಯ

1938ರಲ್ಲಿ ತೆಗೆದ ಒಂದು ಮೂಕಿ ಚಿತ್ರ ಉಳಿದುಬಂದಿದೆ. ಕಪ್ಪು ಬಿಳುಪಿನದು, ಕೆಲವು ನಿಮಿಷಗಳಲ್ಲಿ ಮುಗಿಯುವಂಥದು. ಅದರಲ್ಲಿ ಯೋಗಗುರು ತಿರುಮಲೈ ಕೃಷ್ಣಮಾಚಾರ್ಯರಿದ್ದಾರೆ, ಅವರ ಪತ್ನಿ ನಾಮಗಿರಿಯಮ್ಮ ಇದ್ದಾರೆ, ಮಕ್ಕಳೂ ಇದ್ದಾರೆ. ಜೊತೆಗೆ ನಾಮಗಿರಿಯಮ್ಮನವರ ತಮ್ಮ, ಹತ್ತೊಂಬತ್ತರ ಸುಂದರರಾಜ. ಮುಂದೆ ಲೋಕವೆಲ್ಲ ಬಿ.ಕೆ.ಎಸ್. ಅಯ್ಯಂಗಾರ್ ಎಂದು ಕರೆದದ್ದು ಈ ಹುಡುಗನನ್ನೇ.

ಯೋಗ ಎಲ್ಲ ವಯಸ್ಸಿಗೂ ಒಳ್ಳೆಯದು ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ, ತಲೆದೂಗಿದ್ದೇವೆ. ಆದರೆ ಅದು ಕಣ್ಣಿಗೆ ಕಾಣುವುದು ಹೇಗೆ? ನನಗೆ ಕಂಡದ್ದು ಅಯ್ಯಂಗಾರರ ದೇಹದಲ್ಲಿ. ಅವರ ತಾರುಣ್ಯ ಈ ಚಿತ್ರದಲ್ಲಿದೆ. ನಡುವಯಸ್ಸು 1966ರಲ್ಲಿ ಹೊರಬಂದ ಅವರ ‘ಲೈಟ್ ಆನ್ ಯೋಗ’ ಪುಸ್ತಕದ ನೂರಾರು ಫೋಟೋಗಳಲ್ಲಿದೆ. ಮುಪ್ಪು ಪುಣೆಯಲ್ಲಿ ತೆಗೆದ ಎಷ್ಟೋ ಚಿತ್ರಗಳಲ್ಲಿ, ವಿಡಿಯೋಗಳಲ್ಲಿ ಹರಡಿಕೊಂಡಿದೆ. ಒಬ್ಬ ಮನುಷ್ಯ ಸುಮಾರು ಎಂಬತ್ತು ವರ್ಷ ಒಂದೇ ಸಾಧನೆಯನ್ನು ಮಾಡಿದ್ದು, ಅದರ ಮೂರು ಕಾಲಗಳೂ ನಮ್ಮ ಕಣ್ಣಿಗೆ ಸಿಗುವುದು ಅಪರೂಪದ ಭಾಗ್ಯ. ಸಂಗೀತದಲ್ಲಾದರೆ ಒಬ್ಬ ಗಾಯಕರ ಇಪ್ಪತ್ತರ ಕಲ್ಯಾಣಿ ರಾಗವನ್ನೂ ಎಂಬತ್ತರ ಕಲ್ಯಾಣಿಯನ್ನೂ ಪಕ್ಕಪಕ್ಕ ಇಟ್ಟು ಕೇಳಿದಂತೆ.

ಮೊದಲು ಆ ಹುಡುಗನನ್ನು ನೋಡೋಣ. ಅವನ ಮೈಯಲ್ಲಿ ನಿಲ್ಲುವ ಗುಣವೇ ಇಲ್ಲ. ಒಂದು ಆಸನ ಮುಗಿಯುವ ಮೊದಲೇ ಅಂಗೈ ನೆಲಕ್ಕೂರಿ ಇನ್ನೊಂದಕ್ಕೆ ಹಾರಿಬಿಡುತ್ತಾನೆ. ಬೆನ್ನು ಹಿಂದಕ್ಕೆ ಬಾಗಿದರೆ ಅಲ್ಲಿ ಮೂಳೆಯಿದೆ ಎಂಬುದೇ ಮರೆತುಹೋಗುತ್ತದೆ. ಇದನ್ನು ನೋಡಿದ ಯಾರಾದರೂ ಇವನು ಹುಟ್ಟಾ ಗಟ್ಟಿಮುಟ್ಟು ಎಂದುಕೊಳ್ಳಬೇಕು. ನಿಜ ಅದಲ್ಲ. ಕೋಲಾರದ ಕಡೆಯ ಬೆಳ್ಳೂರಿನಲ್ಲಿ 1918ರ ಡಿಸೆಂಬರ್ 14ರಂದು, ಇನ್‌ಫ್ಲುಯೆಂಜಾ ಜ್ವರ ಊರೂರನ್ನು ಬಳಿದುಕೊಂಡು ಹೋಗುತ್ತಿದ್ದ ವರ್ಷದಲ್ಲಿ ಹುಟ್ಟಿದ ಮಗು ಅದು. ತೆಳ್ಳನೆಯ ಕೈಕಾಲು, ಮುಂದೆ ಬಂದ ಹೊಟ್ಟೆ. ಬಾಲ್ಯದ ತುಂಬ ಮಲೇರಿಯಾ, ವಿಷಮಶೀತಜ್ವರ, ಕ್ಷಯ. 1934ರಲ್ಲಿ ಭಾವ ಕೃಷ್ಣಮಾಚಾರ್ಯರು ಅವನನ್ನು ಮೈಸೂರಿಗೆ ಕರೆಸಿಕೊಂಡಾಗ, ಈ ಹುಡುಗ ಆಸನ ಕಲಿಯಬಲ್ಲನೆಂಬ ನಂಬಿಕೆ ಅವರಿಗೇ ಹೆಚ್ಚು ಇರಲಿಲ್ಲ. ನಾಲ್ಕೇ ವರ್ಷದ ಮೇಲೆ ತೆಗೆದದ್ದು ಈ ಚಿತ್ರ. ಹರೆಯದ ದೇಹಕ್ಕೆ ಸರಿಯಾದ ದುಡಿಮೆ, ಸರಿಯಾದ ಉಸಿರು ಸಿಕ್ಕರೆ ಅದು ಎಷ್ಟು ಬೇಗ ಮೇಲೇಳುತ್ತದೆ ಎಂಬುದಕ್ಕೆ ನಾನು ಬೇರೆ ಸಾಕ್ಷಿ ಹುಡುಕಿಲ್ಲ.

ಆಗಿನ ಮೈಸೂರನ್ನೂ ಇಲ್ಲಿ ನೆನೆಯಬೇಕು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರ ಹೊತ್ತಿಗೆ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಯುತ್ತಿತ್ತು. ಮರುವರ್ಷ ಕೃಷ್ಣಮಾಚಾರ್ಯರ ‘ಯೋಗ ಮಕರಂದ’ ಅಚ್ಚಾಯಿತು, ಅದೂ ಕನ್ನಡದಲ್ಲಿ. ಅವರ ಇನ್ನೊಬ್ಬ ಶಿಷ್ಯ, ಹಾಸನದ ಬಳಿಯ ಕೌಶಿಕದ ಕೆ. ಪಟ್ಟಾಭಿ ಜೋಯಿಸರು 1962ರಲ್ಲಿ ಪ್ರಕಟಿಸಿದ ‘ಯೋಗಮಾಲಾ’ ಕೂಡ ಮೊದಲು ಕನ್ನಡದ್ದೇ. ಇಂದು ಲೋಕದ ಮೂಲೆಮೂಲೆಯ ಯೋಗಶಾಲೆಗಳಲ್ಲಿ ಜನ ಮಾಡುವ ಎಷ್ಟೋ ಆಸನಕ್ರಮ ಮೊದಲು ಓದಿಗೆ ಸಿಕ್ಕಿದ್ದು ನಮ್ಮ ಅಕ್ಷರಗಳಲ್ಲಿ. ಇದನ್ನು ಹೇಳುವಾಗ ಎದೆ ತುಂಬುತ್ತದೆ.

ಜಗನ್ಮೋಹನದ ಯೋಗಶಾಲೆಯ ಹುಡುಗರ ಹಾರಾಟವನ್ನು ಮಾತ್ರ ನೋಡಿದವರು ಕೃಷ್ಣಮಾಚಾರ್ಯರನ್ನು ಅರ್ಧ ನೋಡಿದಂತೆ. ಅವರು ಹುಡುಗರಿಗೆ ಹಾರಲು ಹೇಳಿದ್ದು, ಕಲಿಯುವವರು ಹುಡುಗರಾಗಿದ್ದರಿಂದ. ಬೆಳೆಯುವ ಮೈಗೆ ಸೃಷ್ಟಿಕ್ರಮ, ಸಂಸಾರದ ಭಾರ ಹೊತ್ತ ನಡುವಯಸ್ಸಿಗೆ ಸ್ಥಿತಿಕ್ರಮ, ಇಳಿವಯಸ್ಸಿಗೆ ಲಯಕ್ರಮ ಎಂಬ ವಿಭಾಗ ಅವರ ಪರಂಪರೆಯದು. ಮೊದಲನೆಯದರಲ್ಲಿ ಆಸನ ಹೆಚ್ಚು, ಚಲನೆ ಹೆಚ್ಚು. ಎರಡನೆಯದರಲ್ಲಿ ಆಸನ ಕಡಿಮೆಯಾಗಿ ಪ್ರಾಣಾಯಾಮಕ್ಕೆ ಜಾಗವಾಗುತ್ತದೆ, ಗಳಿಸಿದ ಆರೋಗ್ಯವನ್ನು ಕಾಪಾಡಿಕೊಳ್ಳುವುದು ಮುಖ್ಯವಾಗುತ್ತದೆ. ಮೂರನೆಯದರಲ್ಲಿ ಧ್ಯಾನ, ಜಪ, ಉಸಿರು. ಯೋಗವನ್ನು ಆಳಿಗೆ ತಕ್ಕಂತೆ ಹೊಂದಿಸಬೇಕು, ಆಳನ್ನು ಯೋಗಕ್ಕಲ್ಲ ಎಂಬುದು ಅವರು ಪಾಠ ಹೇಳಿದ ರೀತಿ. ನೂರು ವರ್ಷ ತುಂಬಿ ಬಾಳಿದವರು ಅವರು. ಹೇಳಿದ್ದನ್ನು ತಮ್ಮ ಮೈಯಲ್ಲೇ ಕಂಡುಕೊಳ್ಳುವಷ್ಟು ಆಯುಸ್ಸು ಅವರಿಗೆ ದಕ್ಕಿತ್ತು.

ಇನ್ನು ನಡುವಯಸ್ಸು. ‘ಲೈಟ್ ಆನ್ ಯೋಗ’ದ ತ್ರಿಕೋನಾಸನದ ಪುಟ ತೆರೆದು ನಾನು ಎಷ್ಟೋ ಹೊತ್ತು ಕೂತಿದ್ದೇನೆ. ಕಾಲುಗಳ ನಡುವೆ ಮೂರು ಮೂರೂವರೆ ಅಡಿ ಅಂತರ. ಬಲಪಾದ ಪೂರ್ತಿ ಹೊರಕ್ಕೆ ತಿರುಗಿದೆ, ಎಡಪಾದ ಸ್ವಲ್ಪವೇ ಒಳಕ್ಕೆ. ಬಲಗೈ ಕೆಳಗೆ ಪಾದದ ಬಳಿ, ಎಡಗೈ ನೇರ ಮೇಲಕ್ಕೆ, ಎರಡೂ ಒಂದೇ ಗೆರೆ. ಮಂಡಿಚಿಪ್ಪು ಮೇಲಕ್ಕೆ ಎಳೆದುಕೊಂಡಿದೆ. ನೋಟ ಮೇಲಿನ ಹೆಬ್ಬೆರಳಿನಲ್ಲಿ ನೆಟ್ಟಿದೆ. ಯೋಗ ಕಲಿಯಲು ಹೋದವರಿಗೆಲ್ಲ ಮೊದಮೊದಲೇ ಹೇಳಿಕೊಡುವ ಆಸನ ಇದು, ಏನೇನೂ ಅಪರೂಪದ್ದಲ್ಲ. ಆದರೆ ಈ ಫೋಟೋದಲ್ಲಿ ದುಡಿಯದೆ ಬಿದ್ದಿರುವ ಒಂದು ಬೆರಳಿಲ್ಲ. ಹಿಂಗಾಲಿನ ಹಿಮ್ಮಡಿಯ ಹೊರ ಅಂಚು ನೆಲವನ್ನು ಒತ್ತಿರುವುದರಿಂದಲೇ ಎದೆ ಇಷ್ಟು ತೆರೆದುಕೊಂಡಿದೆ ಎಂಬುದು ನಾಲ್ಕಾರು ಸಲ ನೋಡಿದ ಮೇಲೆ ಹೊಳೆಯುತ್ತದೆ. ಹತ್ತೊಂಬತ್ತರ ಹುಡುಗನಿಗೆ ಇದು ಗೊತ್ತಿರಲಿಲ್ಲ, ಗೊತ್ತಾಗುವಷ್ಟು ಹೊತ್ತು ಅವನು ನಿಲ್ಲುತ್ತಲೂ ಇರಲಿಲ್ಲ. ನಡುವಯಸ್ಸು ಕೊಡುವುದು ಈ ನಿಲುಗಡೆಯನ್ನು. ಮೈಯ ಒಂದು ಮೂಲೆಯಲ್ಲಿ ಮಾಡಿದ ಕೆಲಸ ಇನ್ನೊಂದು ಮೂಲೆಯಲ್ಲಿ ಹೇಗೆ ಫಲ ಕೊಡುತ್ತದೆ ಎಂದು ನೋಡುವ ತಾಳ್ಮೆ ಆ ವಯಸ್ಸಿನ ಸೊತ್ತು.

ಪುಸ್ತಕದಲ್ಲಿ ಪ್ರತಿ ಆಸನದ ಮುಂದೆ ಅದು ಎಷ್ಟು ಕಠಿಣ ಎಂದು ತಿಳಿಸುವ ಅಂಕಿ ಇದೆ. ಒಂದರಿಂದ ಅರವತ್ತರವರೆಗೆ. ಕೊನೆಯಲ್ಲಿ 300 ವಾರಗಳ ಪಾಠಕ್ರಮ. ಹೆಚ್ಚುಕಡಿಮೆ ಆರು ವರ್ಷ! ಮೂವತ್ತು ದಿನದಲ್ಲಿ ಯೋಗ ಕಲಿಸುತ್ತೇವೆಂದು ಹೇಳುವ ಈ ಕಾಲದಲ್ಲಿ ಆ ಅಂಕಿಯನ್ನು ಓದುವುದೇ ಒಂದು ನೆಮ್ಮದಿ. ಇಷ್ಟೆಲ್ಲ ಆದ ಮೇಲೆ ಬರುವ ಶವಾಸನವನ್ನು, ನೋಡಲು ಸುಲಭ, ಕೈವಶವಾಗುವುದು ಬಲು ಕಷ್ಟ ಎಂಬ ಅರ್ಥದಲ್ಲಿ ಅಯ್ಯಂಗಾರರು ವಿವರಿಸುತ್ತಾರೆ.

ಆ ಕಷ್ಟ ಯಾರಿಗೆ ಹೆಚ್ಚು? ದುಡಿಯುವವರಿಗೆ. 1952ರಲ್ಲಿ ಮುಂಬಯಿಗೆ ಬಂದಿದ್ದ ಪಿಟೀಲುವಾದಕ ಯೆಹುದಿ ಮೆನುಹಿನ್ನರಿಗೆ ಆಗ ಮೂವತ್ತೈದು ದಾಟಿತ್ತು. ಮೈ ದಣಿದಿತ್ತು, ನಿದ್ದೆ ದೂರವಾಗಿತ್ತು. ಅಯ್ಯಂಗಾರರಿಗೆ ಕೊಟ್ಟದ್ದು ಐದೇ ನಿಮಿಷದ ಭೇಟಿ. ಮೆನುಹಿನ್ನರನ್ನು ಮಲಗಿಸಿ, ಕಣ್ಣು ಕಿವಿಗಳ ಮೇಲೆ ಬೆರಳಿಟ್ಟು ಶಾಂತಗೊಳಿಸಿದಾಗ ಆ ಐದು ನಿಮಿಷ ಗಂಟೆಗಟ್ಟಲೆ ಬೆಳೆಯಿತು. ಎರಡು ವರ್ಷದ ಬಳಿಕ ಮೆನುಹಿನ್ ಅಯ್ಯಂಗಾರರಿಗೊಂದು ಕೈಗಡಿಯಾರ ಕೊಟ್ಟರು. ತಮಗೆ ಪಿಟೀಲು ಕಲಿಸಿದವರಲ್ಲಿ ಇವರೇ ಶ್ರೇಷ್ಠ ಗುರು ಎಂಬ ಅರ್ಥದ ಸಾಲನ್ನು ಅದರ ಹಿಂಬದಿಯಲ್ಲಿ ಕೆತ್ತಿಸಿದ್ದರು. ಆಸನ ಮಾಡಿದ ಭುಜ ಹಗುರವಾದಾಗ ಕಮಾನು ಹಿಡಿದ ಕೈಯೂ ಹಗುರವಾಗುತ್ತದೆ. ಇಡೀ ದಿನ ಕಂಪ್ಯೂಟರ್ ಮುಂದೆ ಕೂತು ಕತ್ತು ಬಿಗಿದುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇದರಲ್ಲಿ ಉಸಿರಿನ ಪಾಲೂ ಇದೆ. ಉಸಿರು ಹೊರಬಿಡುವಾಗ ಎದೆಬಡಿತ ನಿಧಾನವಾಗುತ್ತದೆ, ಆದ್ದರಿಂದ ನಿಶ್ವಾಸವನ್ನು ದೀರ್ಘಗೊಳಿಸಿದರೆ ಮೈಯೂ ಶಾಂತವಾಗುತ್ತದೆ. ಯೋಗಿಗಳು ಅನುಭವದಿಂದ ಕಂಡದ್ದನ್ನು ಇಂದು ಯಂತ್ರದಲ್ಲೂ ಅಳೆಯಬಹುದು.

1979ರಲ್ಲಿ, ಅರವತ್ತು ದಾಟಿದ ಮೇಲೆ, ಸ್ಕೂಟರ್ ಅಪಘಾತದಲ್ಲಿ ಅಯ್ಯಂಗಾರರ ಬೆನ್ನಿಗೆ ಪೆಟ್ಟಾಯಿತು. ಅಷ್ಟು ವರ್ಷ ಲೀಲಾಜಾಲವಾಗಿದ್ದ ಆಸನಗಳು ಕೈತಪ್ಪಿದವು. ಹೊಸ ವಿದ್ಯಾರ್ಥಿಯಂತೆ ಅವರು ಮತ್ತೆ ಮೊದಲಿನಿಂದ ಶುರುಮಾಡಿದರು, ವರ್ಷಗಟ್ಟಲೆ ದುಡಿದರು. ಅವರ ಮುಪ್ಪಿನ ಸಾಧನೆಯ ಸೊಬಗು ಹುಟ್ಟಿದ್ದು ಇಲ್ಲಿಂದ ಎಂದು ನನ್ನ ಎಣಿಕೆ.

ಆ ಸೊಬಗಿನ ಬಗ್ಗೆ ಎಷ್ಟು ಹೇಳಿದರೂ ನನಗೆ ತೃಪ್ತಿಯಿಲ್ಲ. ಪುಣೆಯ ಅವರ ಯೋಗ ಸಂಸ್ಥೆಯ ದೊಡ್ಡ ಹಾಲಿನಲ್ಲಿ, ವಿದ್ಯಾರ್ಥಿಗಳ ನಡುವೆಯೇ, ಪೊದೆಹುಬ್ಬಿನ ಬಿಳಿಗೂದಲಿನ ಅಜ್ಜ ಕಮಾನಿನಂಥ ಮರದ ಬೆಂಚಿನ ಮೇಲೆ ಬೆನ್ನು ಚೆಲ್ಲಿ ಹಿಂಬಾಗಿದ್ದಾರೆ. ಹುಡುಗನಾಗಿದ್ದಾಗ ಇದೇ ಬಾಗು ಗಾಳಿಯಲ್ಲಿ ಚಿಮ್ಮಿ ಬರುತ್ತಿತ್ತು, ಒಂದೆರಡು ಉಸಿರಿನಲ್ಲಿ ಮುಗಿಯುತ್ತಿತ್ತು. ಈಗ ಬೆನ್ನಿಗೆ ಮರ ಆಧಾರ ಕೊಟ್ಟಿದೆ, ಆಸನ ನಿಮಿಷಗಟ್ಟಲೆ ಹಬ್ಬುತ್ತದೆ. ಬಾಯಲ್ಲಿ ಬಿಗಿಯಿಲ್ಲ, ಹುಬ್ಬಿನಲ್ಲಿ ಗಂಟಿಲ್ಲ. ಎದೆ ಮಾತ್ರ ತೆರೆದೇ ಇದೆ, ನಡುವಯಸ್ಸಿನ ತ್ರಿಕೋನದಲ್ಲಿ ಇದ್ದಷ್ಟೇ. ತೊಂಬತ್ತರ ಸುಮಾರಿನಲ್ಲೂ ಅವರು ಶೀರ್ಷಾಸನದಲ್ಲಿ ಅರ್ಧ ಗಂಟೆ ನಿಲ್ಲುತ್ತಿದ್ದರು. ಮೂರೂ ಪ್ರಾಯಗಳ ಚಿತ್ರಗಳನ್ನು ಮುಂದಿಟ್ಟು ಯಾವುದು ಚೆಂದ ಎಂದು ಕೇಳಿದರೆ ನಾನು ಅಳುಕಿಲ್ಲದೆ ಈ ಅಜ್ಜನನ್ನೇ ಆರಿಸುತ್ತೇನೆ. ಹುಡುಗನಲ್ಲಿ ಬೆರಗಿದೆ, ಪುಸ್ತಕದ ಗೃಹಸ್ಥನಲ್ಲಿ ಜ್ಞಾನವಿದೆ. ಮುದುಕನಲ್ಲಿ ಯಾರಿಗೂ ಏನನ್ನೂ ತೋರಿಸಬೇಕೆಂಬ ಹಂಬಲವೇ ಉಳಿದಿಲ್ಲ.

ಬೆಂಚು, ಹಗ್ಗ, ಪಟ್ಟಿ, ಮರದ ಇಟ್ಟಿಗೆ, ದಿಂಬು, ಬೆನ್ನುಹಲಗೆ ತೆಗೆದ ಮಡಚುವ ಕುರ್ಚಿ ಇವೆಲ್ಲ ಯೋಗಕ್ಕೆ ಅಯ್ಯಂಗಾರರ ದೊಡ್ಡ ಕೊಡುಗೆ. ಕೆಲವರು ಇವನ್ನು ಊರುಗೋಲು ಎಂದು ಹಗುರವಾಗಿ ಆಡುತ್ತಾರೆ. ನಾನು ಒಪ್ಪಲಾರೆ. ನೆಲ ಮುಟ್ಟಲಾಗದ ಅಂಗೈಗೆ ಒಂದು ಇಟ್ಟಿಗೆ ಎತ್ತರ ಕೊಟ್ಟ ಕೂಡಲೇ ಎಪ್ಪತ್ತರ ಅಜ್ಜಿಗೂ ತ್ರಿಕೋನಾಸನ ದಕ್ಕುತ್ತದೆ. ಬೆಲ್ಜಿಯಂ ದೇಶದ ರಾಜಮಾತೆ ಎಲಿಜಬೆತ್ ಎಂಬತ್ತು ದಾಟಿದ ಮೇಲೆ ಅಯ್ಯಂಗಾರರಿಂದ ಶೀರ್ಷಾಸನ ಕಲಿತರು. ಫ್ರಾನ್ಸಿನ ಶಾರ್ಲೊಟ್ ಶೋಪಾಂ ಯೋಗಕ್ಕೆ ಬಂದದ್ದೇ ಐವತ್ತರಲ್ಲಿ. ನೂರು ದಾಟಿದ ಮೇಲೂ ಪಾಠ ಹೇಳುತ್ತಿದ್ದ ಅವರಿಗೆ 2024ರಲ್ಲಿ ಪದ್ಮಶ್ರೀ ಬಂತು. ನಮ್ಮಲ್ಲಂತೂ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿ ಊರೂರು ಸುತ್ತಿ ಶಿಬಿರ ನಡೆಸಿ, ಮಕ್ಕಳಿಗೂ ರೈತರಿಗೂ ಯೋಗ ಹೇಳಿಕೊಟ್ಟು, ತಾವೂ ನೂರರ ಗಡಿ ದಾಟಿದರು. ಹದಿನೈದನೆಯ ಶತಮಾನದ ಹಠಯೋಗ ಪ್ರದೀಪಿಕೆಯೂ ಎಳೆಯರನ್ನಷ್ಟೇ ಕರೆಯುವುದಿಲ್ಲ. ಮುದುಕರು, ಹಣ್ಣುಹಣ್ಣು ಮುದುಕರು, ರೋಗಿಗಳು, ಬಲವಿಲ್ಲದವರು ಎಲ್ಲರಿಗೂ ಅಭ್ಯಾಸದಿಂದ ಸಿದ್ಧಿ ಉಂಟು ಎನ್ನುತ್ತದೆ.

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಬೆಳಗ್ಗೆ ವೃಕ್ಷಾಸನ ಮಾಡುವವರನ್ನು ನಿಂತು ನೋಡುವುದು ನನಗೆ ಇಷ್ಟ. ಮಕ್ಕಳು ಒಂಟಿಕಾಲಲ್ಲಿ ನಿಂತು ಕಿಲಕಿಲ ನಗುತ್ತಾರೆ, ಬೀಳುತ್ತಾರೆ, ಮತ್ತೆ ನಿಲ್ಲುತ್ತಾರೆ. ಅವರಿಗೆ ಅದು ಆಟ, ಆಟವಾಗಿಯೇ ಇರಲಿ. ಮೂವತ್ತು ನಲವತ್ತರವರ ನೋಟ ಅತ್ತಿತ್ತ ಹರಿಯುತ್ತದೆ, ನೋಟ ಹರಿದ ಕೂಡಲೇ ಕಾಲು ತೂರಾಡುತ್ತದೆ. ಅವರ ಕಲಿಕೆ ಕಣ್ಣಿನದು. ಮೂಲೆಯ ಬೇಲಿಯ ಕಂಬಕ್ಕೆ ಎರಡು ಬೆರಳು ತಾಗಿಸಿ ನಿಲ್ಲುವ ಹಿರಿಯರೊಬ್ಬರಿದ್ದಾರೆ. ಪಾದ ತೊಡೆಗೆ ಏರುವುದಿಲ್ಲ, ಹಿಮ್ಮಡಿಗಂಟಿನ ಬಳಿಯೇ ನಿಲ್ಲುತ್ತದೆ. ಅವರಿಗೆ ಆಗುವ ಲಾಭವೇ ಎಲ್ಲರಿಗಿಂತ ದೊಡ್ಡದು. ವಯಸ್ಸಾದಂತೆ ಸ್ನಾಯು ಸೊರಗುತ್ತದೆ, ಮೂಳೆ ಹಗುರವಾಗುತ್ತದೆ, ಸಮತೋಲ ಕುಗ್ಗುತ್ತದೆ. ಬಚ್ಚಲಲ್ಲಿ ಒಮ್ಮೆ ಜಾರಿ ಸೊಂಟದ ಮೂಳೆ ಮುರಿದರೆ ಎಷ್ಟೋ ಹಿರಿಯರು ಮತ್ತೆ ಮೊದಲಿನಂತೆ ನಡೆಯಲಾರರು. ದಿನವೂ ಒಂಟಿಕಾಲಲ್ಲಿ ನಿಲ್ಲುವ ಅಭ್ಯಾಸ ಇರುವ ಕಾಲಿಗೆ ಜಾರಿದ ಕ್ಷಣದಲ್ಲಿ ಸಾವರಿಸಿಕೊಳ್ಳುವುದು ನೆನಪಿರುತ್ತದೆ.

ರಕ್ತದೊತ್ತಡ ಹೆಚ್ಚಿರುವವರು, ಗ್ಲಾಕೋಮ ಇರುವವರು ಶೀರ್ಷಾಸನದಂಥ ತಲೆಕೆಳಗಿನ ಆಸನಗಳ ಗೋಜಿಗೆ ಹೋಗಬಾರದು. ಮಕ್ಕಳಿಂದ ಬಲವಂತದ ಕುಂಭಕ, ಅಂದರೆ ಉಸಿರು ಬಿಗಿಹಿಡಿಯುವುದನ್ನು, ಮಾಡಿಸಬಾರದು. ಉಳಿದಂತೆ ಯಾವ ವಯಸ್ಸಿನವರಿಗೂ ಎಲ್ಲಿಂದಾದರೂ ಆರಂಭಿಸುವ ದಾರಿ ತೆರೆದಿದೆ. ನಿಮ್ಮ ಮನೆಯಲ್ಲಿ ಎಪ್ಪತ್ತು ದಾಟಿದವರಿದ್ದರೆ, ವೈದ್ಯರನ್ನು ಒಂದು ಮಾತು ಕೇಳಿ, ಬಲ್ಲ ಗುರುವೊಬ್ಬರನ್ನು ಹುಡುಕಿ, ನಾಳೆ ಬೆಳಗ್ಗೆಯೇ ಅವರನ್ನು ಗೋಡೆಯ ಪಕ್ಕ ನಿಲ್ಲಿಸಿ. ಒಂದು ಕೈ ಗೋಡೆಯ ಮೇಲಿರಲಿ, ಒಂದು ಹಿಮ್ಮಡಿ ಒಂದು ಅಂಗುಲ ಮೇಲೇಳಲಿ, ಐದು ಉಸಿರು ಸಾಕು. ಪಕ್ಕದಲ್ಲಿ ನೀವೂ ನಿಲ್ಲಿ, ಮೊಮ್ಮಕ್ಕಳನ್ನೂ ಕರೆಯಿರಿ.