ಡಿಸ್ಕ್‌ವರ್ಲ್ಡ್ ಮಾಲೆಯ ಪ್ರವೇಶದ್ವಾರ

ಟೆರಿ ಪ್ರ್ಯಾಚೆಟ್ಟರ ‘ಡಿಸ್ಕ್‌ವರ್ಲ್ಡ್’ ಮಾಲೆಯಲ್ಲಿ 1983ರಿಂದ 2015ರವರೆಗೆ 41 ಹಾಸ್ಯಾದ್ಭುತ ಕಾದಂಬರಿಗಳು ಪ್ರಕಟವಾದುವು. ಇವನ್ನು ಕಾಲಾನುಕ್ರಮದಲ್ಲಿಯೇ ಓದತಕ್ಕದ್ದೆಂಬುದು ಇತಿಹಾಸ ಬೋಧಿಸುವ ನಮ್ಮಂಥವರಿಗೆ ಸಹಜವಾದ ಹಟ; ಇಲ್ಲಿ ಅದು ಸಲ್ಲದು. ಮೊದಲನೆಯದಾದ ‘ದಿ ಕಲರ್ ಆಫ್ ಮ್ಯಾಜಿಕ್’ ಬಹುಮಟ್ಟಿಗೆ ಹಿಂದಿನ ಅದ್ಭುತಕಥೆಗಳ ಅಣಕ. ಆ ಮೂಲಗಳನ್ನರಿಯದೆ ಬೇಸತ್ತು ಇಡೀ ಮಾಲೆಯನ್ನೇ ತೊರೆದ ವಿದ್ಯಾರ್ಥಿಗಳನ್ನು ನಾವು ಕಂಡಿದ್ದೇವೆ. 1989ರ ‘ಗಾರ್ಡ್ಸ್! ಗಾರ್ಡ್ಸ್!’ ಹಾಗಲ್ಲ. ಅಲ್ಲಿನ ಆಂಕ್-ಮಾರ್ಪಾರ್ಕ್ ನಗರದಲ್ಲಿ ಕಳ್ಳರಿಗೇ ಅಧಿಕೃತ ಶ್ರೇಣಿಯುಂಟು (ನಮ್ಮ ಶಾಸನಗಳ ವರ್ತಕಶ್ರೇಣಿಗಳು ನೆನಪಾಗದಿರವು!), ಕಾವಲುಪಡೆಗೆ ಮಾತ್ರ ಕೆಲಸವಿಲ್ಲ, ಅದರ ನಾಯಕ ವೈಮ್ಸ್ ಕುಡಿತಕ್ಕೆ ಬಿದ್ದಿದ್ದಾನೆ. ಹೊಸದಾಗಿ ಸೇರಿದ ಕ್ಯಾರಟ್ ಕಾನೂನಿನ ಪುಸ್ತಕವನ್ನು ಅಕ್ಷರಶಃ ನಂಬಿ ಆ ಶ್ರೇಣಿಯ ಅಧ್ಯಕ್ಷನನ್ನೇ ಸೆರೆಹಿಡಿಯುತ್ತಾನೆ. ಈ ನಗೆಗೆ ಪೂರ್ವಪಾಠ ಬೇಡ. ಕಾನೂನಿಗೂ ನ್ಯಾಯಕ್ಕೂ ಇರುವ ಅಂತರವನ್ನು ಬಲ್ಲವರಿಗೆಲ್ಲ ಅದು ದಕ್ಕುತ್ತದೆ. 1983ರ ಕೃತಿಗೆ ಅನಂತರ ಮರಳಿದರೆ, ಇದೇ ನಗರದ ಇನ್ನೂ ಒರಟಾದ ಪ್ರಥಮ ಕರಡು ಅಲ್ಲಿ ಕಾಣಸಿಗುತ್ತದೆ.