ಬಲ್ಲವರಿಗೆ ಹೇಳಿದ ಕಥೆ: ಜಪಾನಿನ ಮಂಗಾ, ಹಜಾರರಾಮನ ಗೋಡೆ, ಮೋರನಾಳದ ತೊಗಲುಗೊಂಬೆ

ಒಂದು ಕಲೆಯಲ್ಲಿ ಪ್ರಸಿದ್ಧಿ ಪಡೆದ ಕಥೆಯನ್ನು ಮತ್ತೊಂದು ಕಲೆಗೆ ಅಳವಡಿಸುವ ಪದ್ಧತಿ ಎಲ್ಲ ದೇಶಗಳಲ್ಲಿಯೂ ಉಂಟು. ಕಾವ್ಯ ನಾಟಕವಾಗುತ್ತದೆ, ನಾಟಕ ಚಲಚ್ಚಿತ್ರವಾಗುತ್ತದೆ. ಜಪಾನಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಜನಪ್ರಿಯವಾದ ವಿಜ್ಞಾನಕಲ್ಪಿತ ಚಲಚ್ಚಿತ್ರಗಳನ್ನು ‘ಮಂಗಾ’ ಎಂಬ ಮುದ್ರಿತ ಚಿತ್ರಕಥೆಯ ರೂಪಕ್ಕೆ ತಂದಿದ್ದಾರೆ. ಇಂಥ ಕೃತಿಗಳನ್ನು ಚಲಚ್ಚಿತ್ರದ ನೆರಳೆಂದೂ ವ್ಯಾಪಾರದ ಸರಕೆಂದೂ ತಳ್ಳಿಹಾಕುವವರು ವಿದ್ಯಾವಂತರಲ್ಲಿ ಬಹುಮಂದಿ. ಈ ಅಭಿಪ್ರಾಯ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಪರೀಕ್ಷಿಸುವುದು, ಆ ಪರೀಕ್ಷೆಗೆ ಬೇಕಾದ ಸಾಮಗ್ರಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯವರಾದ ನಮಗೆ ದೂರದ್ದಲ್ಲವೆಂದು ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ಎರಡು ಉದಾಹರಣೆಗಳನ್ನು ನೋಡೋಣ. ಜರ್ಮನಿಯ ಫ್ರಿಟ್ಸ್ ಲಾಂಗ್ 1927ರಲ್ಲಿ ‘ಮೆಟ್ರೊಪೊಲಿಸ್’ ಎಂಬ ಚಿತ್ರವನ್ನು ತೆರೆಗೆ ತಂದನು. 1949ರಲ್ಲಿ ಒಸಾಮು ತೆಜುಕಾ ಅದೇ ಹೆಸರಿನ ಮಂಗಾವೊಂದನ್ನು ಪ್ರಕಟಿಸಿದನು. ಆದರೆ ತೆಜುಕಾ ಆ ಚಲಚ್ಚಿತ್ರವನ್ನು ನೋಡಿರಲಿಲ್ಲ. ಪತ್ರಿಕೆಯೊಂದರಲ್ಲಿ ಅಚ್ಚಾಗಿದ್ದ ಅದರ ಒಂದು ಸ್ಥಿರಚಿತ್ರವನ್ನು ಮಾತ್ರ ಕಂಡಿದ್ದನು. ಅಷ್ಟರಿಂದಲೇ ಅವನು ತಾನು ಕೃತಕ ಜೀವಿಯೆಂದರಿಯದೆ ತಂದೆತಾಯಿಗಳನ್ನು ಹುಡುಕುತ್ತ ಹೊರಡುವ ಮಿಚಿ ಎಂಬ ಪಾತ್ರವನ್ನು ಸೃಷ್ಟಿಸಿದನು. ಎರಡನೆಯದು ಜಾರ್ಜ್ ಲೂಕಸನ ‘ಸ್ಟಾರ್ ವಾರ್ಸ್’ (1977). ಹಿಸಾವೊ ತಮಾಕಿ ಇದನ್ನು ಮಂಗಾ ರೂಪಕ್ಕಿಳಿಸಿದನು. 1998ರಲ್ಲಿ ಅದು ಇಂಗ್ಲಿಷಿನಲ್ಲಿ 4 ಸಂಪುಟಗಳಾಗಿ ಹೊರಬಂದಿತು. ಈ ಕಥೆಯನ್ನು ಇಬ್ಬರು ಅಲ್ಪರ ಕಣ್ಣಿನಿಂದ ಹೇಳುವ ತಂತ್ರವನ್ನು ಅಕಿರಾ ಕುರೊಸಾವಾನ 1958ರ ‘ದಿ ಹಿಡನ್ ಫೋರ್ಟ್ರೆಸ್’ ಚಿತ್ರದಿಂದ ಪಡೆದೆನೆಂದು ಲೂಕಸನೇ ಒಪ್ಪಿದ್ದಾನೆ. ಅಲ್ಲಿನ ಇಬ್ಬರು ರೈತರು ಇಲ್ಲಿ ಎರಡು ಯಂತ್ರಮಾನವರಾದರು. ಹೀಗೆ ಜಪಾನಿನಿಂದ ಹೊರಟ ಬೀಜವೊಂದು ಅಮೆರಿಕದಲ್ಲಿ ಬೆಳೆದು ಮತ್ತೆ ಜಪಾನಿಗೆ ಮರಳಿತು.

ಇವೆರಡರ ತಾರತಮ್ಯವನ್ನು ಹೇಳುವುದಾದರೆ, ತೆಜುಕಾನ ಕೃತಿ ಸ್ವತಂತ್ರ ಸೃಷ್ಟಿ. ತಮಾಕಿಯದು ಮೂಲನಿಷ್ಠವಾದ ಪುನಃಕಥನ. ಮೂಲನಿಷ್ಠೆಯೇ ದೋಷವೆಂದು ಹೇಳಲಾಗದು. ತಮಾಕಿಯ ಓದುಗರಲ್ಲಿ ಬಹುಪಾಲು ಜನಕ್ಕೆ ಕಥೆ ಮೊದಲೇ ಗೊತ್ತು. ಮುಂದೇನಾಗುವುದೆಂಬ ಕುತೂಹಲ ಅವರಿಗಿಲ್ಲ. ಹಾಗಿದ್ದರೂ ಅವರು ಓದುವುದೇಕೆ? ಚಿತ್ರಮಂದಿರದಲ್ಲಿ ಕಾಲ ಯಂತ್ರದ ಕೈಯಲ್ಲಿರುತ್ತದೆ. ಪುಟದ ಮೇಲೆ ಅದು ಓದುಗನ ಕೈಗೆ ಬರುತ್ತದೆ. ತೆರೆಯ ಮೇಲೆ ಕ್ಷಣಾರ್ಧದಲ್ಲಿ ಮುಗಿಯುವ ಚಲನೆಯನ್ನು ಕಲಾವಿದ ಹಲವು ಚೌಕಟ್ಟುಗಳಿಗೆ ಹರಡಬಲ್ಲ. ದೀರ್ಘ ಸಂಭಾಷಣೆಯನ್ನು ಒಂದು ಮುಖದಲ್ಲಿ ಅಡಗಿಸಬಲ್ಲ. ಬಣ್ಣವೂ ಸಂಗೀತವೂ ಹೋದಮೇಲೆ ಅವನಿಗೆ ಉಳಿಯುವ ಮುಖ್ಯ ಬಲವೆಂದರೆ ಕ್ಷಣಗಳ ಆಯ್ಕೆ. ತಮಾಕಿ ಈ ಬಲವನ್ನು ಬಳಸಿಕೊಂಡ ಕಡೆ ಕೃತಿ ಜೀವಂತವಾಗಿದೆ. ತೆರೆಯ ದೃಶ್ಯಗಳನ್ನು ಕ್ರಮವಾಗಿ ಒಪ್ಪಿಸಿದ ಕಡೆ ಅದು ನೆನಪಿನ ಪಟ್ಟಿಯಾಗಿದೆ. ಆದುದರಿಂದ ಇಂಥ ಕೃತಿಗಳ ವಿಮರ್ಶೆಯಲ್ಲಿ ಮೂಲಕ್ಕೆ ಎಷ್ಟು ಹತ್ತಿರ ಎಂಬ ಪ್ರಶ್ನೆಗಿಂತ, ಕಥೆ ಬಲ್ಲವನನ್ನು ಎಲ್ಲಿ ನಿಲ್ಲಿಸುತ್ತದೆ ಎಂಬ ಪ್ರಶ್ನೆ ಮುಖ್ಯವಾದುದು.

ಈ ಪ್ರಶ್ನೆ ಜಪಾನಿಗೆ ಮಾತ್ರ ಸಂಬಂಧಿಸಿದುದಲ್ಲ. ಗಂಗಾವತಿ ತಾಲ್ಲೂಕಿನ ಆನೆಗೊಂದಿಯಿಂದ ತುಂಗಭದ್ರೆಯನ್ನು ದಾಟಿದರೆ ಹಂಪೆಯ ಹಜಾರರಾಮ ದೇವಾಲಯ ಸಿಗುತ್ತದೆ. 15ನೆಯ ಶತಮಾನದ ಈ ಗುಡಿಯ ಹೊರಗೋಡೆಯಲ್ಲಿ ರಾಮಾಯಣವನ್ನು ಮೂರು ಸಾಲುಗಳಲ್ಲಿ ಕಂಡರಿಸಿದ್ದಾರೆ. ಶಿಲ್ಪಿ ಕಥೆಯನ್ನು ವಿವರಿಸುವುದಿಲ್ಲ. ನೋಡುವವನಿಗೆ ಅದು ತಿಳಿದಿದೆಯೆಂದೇ ಭಾವಿಸುತ್ತಾನೆ. ಸಪ್ತತಾಲಗಳನ್ನು ಭೇದಿಸುವ ರಾಮನನ್ನು ತೋರಿಸಿದರೆ ಸಾಕು, ಸುಗ್ರೀವನ ಸಂಶಯವೂ ವಾಲಿಯ ವಧೆಯೂ ಮನಸ್ಸಿಗೆ ಬರುತ್ತವೆ. ಆನೆಗೊಂದಿಯ ಪರಿಸರವನ್ನೇ ಕಿಷ್ಕಿಂಧೆಯೆಂದು ನಂಬಿದ ನಮ್ಮ ಜನಕ್ಕೆ ಹೆಚ್ಚಿನ ವಿವರಣೆ ಬೇಕೆ?

ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವುಂಟು. ಈ ಕಥೆ ಪ್ರದಕ್ಷಿಣೆಯ ಕ್ರಮದಲ್ಲಿ ಸಾಗುತ್ತದೆ. ಪ್ರದಕ್ಷಿಣೆ ಮಾಡುವವನ ಬಲಕ್ಕೆ ಗುಡಿಯಿರುವುದರಿಂದ, ಅವನು ಗೋಡೆಗೆ ಮುಖಮಾಡಿ ನಿಂತಾಗ ಮುಂದಿನ ಶಿಲ್ಪ ಅವನ ಎಡಗಡೆಗೆ ಬರುತ್ತದೆ. ಎಂದರೆ ಕನ್ನಡವನ್ನು ಎಡದಿಂದ ಬಲಕ್ಕೆ ಓದುವ ನಾವು ಈ ಗೋಡೆಯನ್ನು ಬಲದಿಂದ ಎಡಕ್ಕೆ ಓದಬೇಕು. ಜಪಾನಿನ ಮಂಗಾದ ಪುಟಕ್ರಮವೂ ಬಲದಿಂದ ಎಡಕ್ಕೇ. ಅಮೆರಿಕದ ಪ್ರಕಾಶಕರು ಬಹುಕಾಲ ತಮ್ಮ ಓದುಗರ ಅನುಕೂಲಕ್ಕಾಗಿ ಆ ಪುಟಗಳನ್ನು ಕನ್ನಡಿಯೊಳಗಿನ ಬಿಂಬದಂತೆ ತಿರುಗಿಸಿ ಮುದ್ರಿಸುತ್ತಿದ್ದರು. ಅದರಿಂದ ಬಲಗೈಯವರೆಲ್ಲ ಎಡಗೈಯವರಾದರು. ಗೋಡೆಯ ಶಿಲ್ಪಗಳ ಛಾಯಾಚಿತ್ರ ತೆಗೆದು ಎಡದಿಂದ ಬಲಕ್ಕೆ ಜೋಡಿಸಿಡುವ ವಿದ್ಯಾರ್ಥಿಯೂ ಕಥೆಯನ್ನು ಹಿಂದುಮುಂದು ಮಾಡುತ್ತಾನೆ. ಗವಿಮಠದ ಅಶೋಕಶಾಸನವನ್ನು ಅಕ್ಷರ ಅಕ್ಷರವಾಗಿ ಓದಲು ಕಲಿಸುವ ನಾವು ಗೋಡೆಯ ಚಿತ್ರವನ್ನು ಮಾತ್ರ ಒಂದೇ ನೋಟಕ್ಕೆ ಮುಗಿಸಿಬಿಡುತ್ತೇವೆ.

ಗೋಡೆಯ ಕ್ರಮವಾದರೂ ಕಲ್ಲಿನಲ್ಲಿ ಉಳಿದಿದೆ. ತೊಗಲುಗೊಂಬೆಯಾಟದ ಸ್ಥಿತಿ ಹಾಗಲ್ಲ. ಕೊಪ್ಪಳ ಜಿಲ್ಲೆಯ ಮೋರನಾಳ ಗ್ರಾಮದ ಶ್ರೀಮತಿ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ಘೋಷಣೆಯಾದಾಗ ಅವರು ತೊಂಬತ್ತು ವರ್ಷ ದಾಟಿದ್ದರು. ಈ ಕಲೆಯಲ್ಲಿ ರಾಜರಿಗೂ ದೇವತೆಗಳಿಗೂ ದೊಡ್ಡ ಗೊಂಬೆ, ಸಾಮಾನ್ಯರಿಗೆ ಚಿಕ್ಕ ಗೊಂಬೆ. ಕೆಲವೆಡೆ ಒಂದೇ ತೊಗಲಿನ ಮೇಲೆ ಹಲವು ಆಕೃತಿಗಳು ಸೇರಿ ಒಂದು ಸನ್ನಿವೇಶವೇ ಸಿದ್ಧವಾಗಿರುತ್ತದೆ. ಮಂಗಾದ ಚೌಕಟ್ಟಿಗೆ ಇದಕ್ಕಿಂತ ಹತ್ತಿರವಾದುದು ನಮ್ಮಲ್ಲಿ ಮತ್ತೊಂದಿಲ್ಲ. ಆದರೆ ಯಾವ ತೊಗಲಿನ ನಂತರ ಯಾವುದು, ಯಾವುದನ್ನು ಎಷ್ಟು ಹೊತ್ತು ಪರದೆಗೆ ಹಿಡಿಯಬೇಕು, ಆಗ ಯಾವ ಪದ ಹಾಡಬೇಕು ಎಂಬುದು ತೊಗಲಿನಲ್ಲಿಲ್ಲ, ಆಡಿಸುವವರ ನೆನಪಿನಲ್ಲಿದೆ. ನೆನಪು ಹೋದ ದಿನ ಗೊಂಬೆ ಗಾಜಿನ ಪೆಟ್ಟಿಗೆಯೊಳಗಿನ ಸ್ಥಿರಚಿತ್ರವಾಗುತ್ತದೆ.

ಒಂದು ಸ್ಥಿರಚಿತ್ರದಿಂದ ತೆಜುಕಾ ಹೊಸ ಕಥೆ ಕಟ್ಟಿದನಲ್ಲ ಎಂದು ಕೇಳಬಹುದು. ಕಟ್ಟಿದನು, ಅವನು ಕಲಾವಿದ, ಅದು ಅವನಿಗೆ ಸಲ್ಲುವ ಸ್ವಾತಂತ್ರ್ಯ. ಅವನು ನೋಡದಿದ್ದರೂ ಲಾಂಗನ ಚಿತ್ರ ಬೇರೆಡೆ ಉಳಿದೇ ಇತ್ತು. ಇತಿಹಾಸಕಾರನಿಗೆ ಆ ಸ್ವಾತಂತ್ರ್ಯವಿಲ್ಲ. ಬಿಡಿ ತೊಗಲೊಂದನ್ನು ಹಿಡಿದು ನಾಳೆ ಅವನು ಹೇಳುವ ಕಥೆ ಅವನದೇ ಆಗುವುದಲ್ಲದೆ ಶಿಳ್ಳೇಕ್ಯಾತರದಾಗದು.

ಆದುದರಿಂದ ನಮ್ಮ ನಾಲ್ಕೂ ಊರುಗಳ ಕಾಲೇಜುಗಳ ಇತಿಹಾಸ ವಿಭಾಗಗಳು ಕೈಗೊಳ್ಳಬೇಕಾದ ಕೆಲಸ ಸ್ಪಷ್ಟವಾಗಿದೆ. ಹಿರಿಯ ಕಲಾವಿದರ ಬಳಿ ಕುಳಿತು ಒಂದೊಂದು ಆಟದ ಗೊಂಬೆಗಳ ಕ್ರಮ, ಪದ, ಮಾತು, ನಿಲುಗಡೆಗಳನ್ನು ಧ್ವನಿ ಮತ್ತು ಚಿತ್ರಸಹಿತ ದಾಖಲಿಸಬೇಕು. ಅವರ ಒಪ್ಪಿಗೆಯನ್ನೂ ಅವರಿಗೆ ಸಲ್ಲತಕ್ಕ ಗೌರವಧನವನ್ನೂ ಮರೆಯಬಾರದು. ಹಾಗೆಯೇ ಹಜಾರರಾಮನ ಗೋಡೆಗೆ ವಿದ್ಯಾರ್ಥಿಗಳನ್ನು ಕರೆದೊಯ್ದಾಗ ಮೂರು ಸಾಲುಗಳನ್ನೂ ಪ್ರದಕ್ಷಿಣಕ್ರಮದಲ್ಲಿಯೇ ಓದಿಸಬೇಕು. ಮಂಗಾ ಓದಿ ಬಂದ ಇಂದಿನ ವಿದ್ಯಾರ್ಥಿಗೆ ಬಲದಿಂದ ಎಡಕ್ಕೆ ಚಿತ್ರವನ್ನು ಓದುವ ಅಭ್ಯಾಸ ಆಗಲೇ ಇದೆ. ಅಧ್ಯಾಪಕರು ಅದನ್ನು ಹಗುರವಾಗಿ ಕಾಣದೆ ಪಾಠಕ್ಕೆ ಬಳಸಿಕೊಳ್ಳುವುದು ಲೇಸು.